ಸ್ವಾಮಿ ರಾಮಾನಂದ ತೀರ್ಥರು: ಸತ್ಯಾಗ್ರಹಿಯ ಏಕಾಂತ

ಹೈದರಾಬಾದು ಸಂಸ್ಥಾನದ ವಿಮೋಚನೆಯ ಇತಿಹಾಸದಲ್ಲಿ ಕಾವಿ ಧರಿಸಿದ ರಾಜಕಾರಣಿಯೊಬ್ಬರ ಸ್ಥಾನವು ವಿಶಿಷ್ಟವಾದುದು. ಸ್ವಾಮಿ ರಾಮಾನಂದ ತೀರ್ಥರು 1903ರ ಅಕ್ಟೋಬರ್ 3ರಂದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ವ್ಯಂಕಟೇಶ ಖೇಡಗೀಕರ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ದುಡಿದು ಬಡವರ ಬದುಕನ್ನು ಅರಿತ ಅವರು, ಹಿಪ್ಪರಗಿಯ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾದರು. ಬಳಿಕ ಸನ್ಯಾಸ ಸ್ವೀಕರಿಸಿದರು. ಆದರೆ ಸನ್ಯಾಸವು ಅವರಿಗೆ ಲೋಕದಿಂದ ಪಲಾಯನವಾಗಲಿಲ್ಲ. ಶರಣರು ಕಾಯಕವೆಂದು ಕರೆದ ತತ್ತ್ವವೇ ಅಲ್ಲಿ ಬೇರೊಂದು ವೇಷದಲ್ಲಿ ಕಾಣುತ್ತದೆ.

1938ರ ಸೆಪ್ಟೆಂಬರಿನಲ್ಲಿ ನಿಜಾಮ ಸರ್ಕಾರವು ಸ್ಟೇಟ್ ಕಾಂಗ್ರೆಸ್ಸನ್ನು, ಅದು ವಿಧ್ಯುಕ್ತವಾಗಿ ಸ್ಥಾಪನೆಯಾಗುವ ಮುನ್ನವೇ, ನಿಷೇಧಿಸಿತು. ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಸ್ವಾಮೀಜಿ ಸೆರೆಮನೆ ಸೇರಿದರು. ಡಿಸೆಂಬರಿನಲ್ಲಿ ಗಾಂಧೀಜಿಯವರ ಸಲಹೆಯಂತೆ ಚಳವಳಿಯನ್ನು ನಿಲ್ಲಿಸಲಾಯಿತು. ಕಾದು ಕೆರಳಿದ ಹೋರಾಟವನ್ನು ಮಧ್ಯದಲ್ಲಿ ತಡೆಯುವುದು, ಅದನ್ನು ಆರಂಭಿಸುವುದಕ್ಕಿಂತ ಕಠಿಣ.

1946ರಲ್ಲಿ ನಿಷೇಧ ತೆರವಾದ ಮೇಲೆ ಪಕ್ಷದೊಳಗಿನ ಬಿರುಕು ಪ್ರಕಟವಾಯಿತು. ಬೂರ್ಗುಲ ರಾಮಕೃಷ್ಣರಾವ್ ಮೊದಲಾದ ಮಿತವಾದಿಗಳು ಒಂದೆಡೆ, ರೈತ-ಕಾರ್ಮಿಕರ ಪರವಾದ ಎಡಪಂಥೀಯ ಒಲವಿನವರು ಸ್ವಾಮೀಜಿಯವರೊಡನೆ ಇನ್ನೊಂದೆಡೆ. ಅಲ್ಪ ಬಹುಮತದಿಂದಲೇ ಅವರು ಅಧ್ಯಕ್ಷರಾದರು. 1947ರ ಆಗಸ್ಟ್ 7ರಂದು ಭಾರತ ಒಕ್ಕೂಟಕ್ಕೆ ಸೇರುವ ದಿನವನ್ನು ಆಚರಿಸಲು ಕರೆಯಿತ್ತರು, 15ರಂದು ಬಂಧಿತರಾದರು. ನವೆಂಬರಿನಲ್ಲಿ ಬಿಡುಗಡೆಯಾದರೂ 1948ರ ಜನವರಿಯಲ್ಲಿ ಮತ್ತೆ ಸೆರೆ.

ಅವರು ಸೆರೆಯಲ್ಲಿದ್ದಾಗ ರಜಾಕಾರರ ಹಾವಳಿಗೆ ಉತ್ತರವಾಗಿ ಗಡಿಶಿಬಿರಗಳಲ್ಲಿ ಶಸ್ತ್ರಗಳು ಮೊಳಗಿದವು. ಕಲಬುರ್ಗಿ ಜಿಲ್ಲೆಗೆ ಆಗ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಶಸ್ತ್ರವೇನೂ ಹೊಸತಲ್ಲ. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನು ಕಂಪನಿಯ ವಿರುದ್ಧ ಎದ್ದುದನ್ನು ಜನ ಮರೆತಿರಲಿಲ್ಲ. ಊರು ಉರಿಯುತ್ತಿರುವಾಗ ಕೈಯಲ್ಲಿ ಕೋವಿ ಹಿಡಿದವನನ್ನು ಹಳಿಯುವುದು ಸುಲಭವಲ್ಲ. ಸತ್ಯಾಗ್ರಹದ ಹೆಸರಿನ ಸಂಸ್ಥೆಯಲ್ಲಿ ಅದನ್ನು ಸಮರ್ಥಿಸುವುದೂ ಸುಲಭವಲ್ಲ. 12ನೆಯ ಶತಮಾನದ ಕಲ್ಯಾಣವೂ ಇದೇ ಇಕ್ಕಟ್ಟನ್ನು ಕಂಡಿತ್ತು. ಬಿಜ್ಜಳನ ಕೊಲೆ ಶರಣರಿಗೆ ಜಯವನ್ನು ತರಲಿಲ್ಲ, ಚದುರಿಕೆಯನ್ನು ತಂದಿತು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಅವರು ಹೊರಬಂದರು. 1952ರಲ್ಲಿ ಮುಖ್ಯಮಂತ್ರಿಯ ಪದವಿ ರಾಮಕೃಷ್ಣರಾವ್ ಅವರಿಗೆ ಸಂದಿತು. ಸ್ವಾಮೀಜಿ ಅದೇ ವರ್ಷ ಕಲಬುರ್ಗಿಯಿಂದ ಲೋಕಸಭೆಗೆ ಆಯ್ಕೆಯಾದರು. ಅವರ ಎಡಪಂಥೀಯ ಅನುಯಾಯಿಗಳಲ್ಲಿ ಗೋವಿಂದಭಾಯಿ ಶ್ರಾಫ್ ಮೊದಲಾದವರು ಕಾಂಗ್ರೆಸ್ಸನ್ನು ತೊರೆದರು, ಅವರು ತೊರೆಯಲಿಲ್ಲ. ಆದರೆ ಮಣಿಯಲೂ ಇಲ್ಲ. ಸಂಸ್ಥಾನವನ್ನು ಭಾಷಾನುಗುಣವಾಗಿ ವಿಭಜಿಸಬೇಕೆಂದು, ನೆಹರೂ ಅವರ ಆರಂಭದ ಹಿಂಜರಿಕೆಯ ಎದುರಿನಲ್ಲೂ, ಪಟ್ಟುಹಿಡಿದರು. 1956ರ ನವೆಂಬರ್ 1ರಂದು ಕಲಬುರ್ಗಿ ಸೀಮೆ ಕನ್ನಡ ನಾಡಿನೊಡನೆ ಒಂದಾಯಿತು.

1957ರಿಂದ 1962ರವರೆಗೆ ಔರಂಗಾಬಾದಿನ ಸದಸ್ಯರಾಗಿದ್ದು, 1972ರ ಜನವರಿ 22ರಂದು ಅವರು ದೇಹವಿಟ್ಟರು. ನಾಂದೇಡದ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ. ಸಿಂದಗಿಯ ಕಂದನನ್ನು ಕನ್ನಡಿಗರೂ ತಮ್ಮವನೆಂದು ನೆನೆಯುವುದು ಉಚಿತ. ಪಕ್ಷದಲ್ಲಿದ್ದೂ ಪಕ್ಷಕ್ಕೆ ಅಂತಃಸಾಕ್ಷಿಯನ್ನು ಒತ್ತೆಯಿಡದವನ ಏಕಾಂತವು ಸೋಲಲ್ಲ. ಅದೂ ಒಂದು ಬಗೆಯ ಜಂಗಮವ್ರತ.