ಮೈದಾನಕ್ಕಿಳಿದ ಧರ್ಮಸಭೆ

ಕ್ರೈಸ್ತಮತ ಆತ್ಮವನ್ನು ಹೊಗಳಿ ದೇಹವನ್ನು ಹೀಗಳೆಯಿತು, ಆದ್ದರಿಂದ ಆಟೋಟಗಳನ್ನೂ ದೂರವಿಟ್ಟಿತು ಎಂಬ ಮಾತು ರೂಢಿಯಲ್ಲಿದೆ. ಕ್ಯಾಥೊಲಿಕ್ ಧರ್ಮಸಭೆಯ ಚರಿತ್ರೆ ನೋಡಿದರೆ ಇದು ಅರ್ಧ ಸತ್ಯ. ಸಭೆಯ ತಕರಾರು ಇದ್ದದ್ದು ಮೈ ಹುರಿಗೊಳಿಸುವ ವ್ಯಾಯಾಮದ ಮೇಲಲ್ಲ. ಅದನ್ನು ನೋಡಲು ನೆರೆಯುವ ಗುಂಪಿನ ಹುಚ್ಚಿನ ಮೇಲೆ, ಚೆಲ್ಲುವ ರಕ್ತದ ಮೇಲೆ.

ಕೊರಿಂಥದ ಬಳಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಅಲ್ಲಿಯವರಿಗೆ ಪತ್ರ ಬರೆದ ಸಂತ ಪೌಲ, ಭಕ್ತನ ಶಿಸ್ತನ್ನು ತಿಳಿಸಲು ಓಟಗಾರನನ್ನೂ ಮುಷ್ಟಿಮಲ್ಲನನ್ನೂ ಧಾರಾಳವಾಗಿ ಎಳೆದುತಂದ. ಸುಮಾರು ಕ್ರಿ.ಶ. 200ರಲ್ಲಿ ಕಾರ್ತೇಜಿನ ತೆರ್ತುಲಿಯನ್ ರೋಮನ್ನರ ಕ್ರೀಡಾ ಪ್ರದರ್ಶನಗಳೆಲ್ಲ ವಿಗ್ರಹಾರಾಧನೆಯ ಕೂಸುಗಳೆಂದು ಹರಿಹಾಯ್ದ. ಅದೇ ಕಾಲದ ಅಲೆಕ್ಸಾಂಡ್ರಿಯದ ಕ್ಲೆಮೆಂಟ್‌ಗೂ ಆ ಪ್ರದರ್ಶನಗಳು ಬೇಡವಾಗಿದ್ದವು. ಆದರೆ ಕುಸ್ತಿ, ಚೆಂಡಾಟ, ನಡಿಗೆ ಮೈಗೆ ಒಳ್ಳೆಯದೆಂದೇ ಅವನು ಬರೆದ.

ಮಧ್ಯಯುಗದ ನಿಷೇಧಗಳದ್ದೂ ಇದೇ ಜಾಡು. ಕುದುರೆಯೇರಿ ಈಟಿ ಹಿಡಿದು ಸೆಣಸುವ ಪಂದ್ಯಗಳನ್ನು 1139ರ ಲ್ಯಾಟರನ್ ಮಹಾಸಭೆ ನಿಷೇಧಿಸಿತು. ಅಲ್ಲಿ ಸತ್ತವರಿಗೆ ಚರ್ಚಿನ ಸಂಸ್ಕಾರವಿಧಿಯ ಸಮಾಧಿ ಇಲ್ಲವೆಂದಿತು. ಶ್ರೀಮಂತರು ಕೇಳಬೇಕಲ್ಲ! 1316ರಲ್ಲಿ ಪೋಪ್ 22ನೇ ಜಾನ್ ಆ ನಿಷೇಧವನ್ನೇ ತೆಗೆದುಹಾಕಿದರು. ಗೂಳಿಕಾಳಗಕ್ಕೆ 1567ರಲ್ಲಿ ಬಿದ್ದ ತಡೆಯೂ ಎಂಟೇ ವರ್ಷಗಳಲ್ಲಿ ಸಡಿಲವಾಯಿತು.

ಈ ನಡುವೆ 13ನೇ ಶತಮಾನದ ತೋಮಸ್ ಅಕ್ವಿನಾಸ್ ಹೇಳಿದ್ದು ಇಂದಿಗೂ ಹೊಸದೆನಿಸುತ್ತದೆ: ಹದವರಿತ ಆಟ ಒಂದು ಸದ್ಗುಣ, ತಾನೂ ಆಡದೆ, ಇತರರ ಆಟಕ್ಕೂ ಮುಖ ಸಿಂಡರಿಸುವವನದೇ ತಪ್ಪು. ಇದನ್ನು ಪಾಠಶಾಲೆಗೆ ತಂದವರು ತಡವಾಗಿ ಬಂದರು. 1423ರಲ್ಲಿ ಮಾಂತುವದಲ್ಲಿ ಶಾಲೆ ತೆರೆದ ವಿತ್ತೊರಿನೊ ದ ಫೆಲ್ತ್ರೆ ಓದಿನಷ್ಟೇ ವ್ಯಾಯಾಮಕ್ಕೂ ಬೆಲೆ ಕೊಟ್ಟ. 19ನೇ ಶತಮಾನದ ತೂರಿನ್‌ನಲ್ಲಿ ದೋನ್ ಬೋಸ್ಕೊ ಬೀದಿಹುಡುಗರನ್ನು ಒಲಿಸಿಕೊಂಡದ್ದು ಬೋಧನೆಯಿಂದಷ್ಟೇ ಅಲ್ಲ, ಆಟದ ಅಂಗಳದಿಂದಲೂ. ಒಲಿಂಪಿಕ್ಸಿನ 'ಹೆಚ್ಚು ವೇಗ, ಹೆಚ್ಚು ಎತ್ತರ, ಹೆಚ್ಚು ಬಲ' ಎಂಬ ಮೂಲ ಧ್ಯೇಯವಾಕ್ಯ ಕೂಡ ದೊಮಿನಿಕನ್ ಪಾದ್ರಿ ಹೆನ್ರಿ ದಿದೋನ್ 1891ರಲ್ಲಿ ತಮ್ಮ ವಿದ್ಯಾರ್ಥಿಗಳ ಮುಂದೆ ಆಡಿದ್ದು.

20ನೇ ಶತಮಾನದ ಕಥೆಯಲ್ಲಿ ಕುತೂಹಲ ಕೆರಳಿಸುವವರು ಪೋಪ್ 11ನೇ ಪಯಸ್. ಪಾದ್ರಿಯಾಗಿದ್ದಾಗ ಅವರು ಪಳಗಿದ ಪರ್ವತಾರೋಹಿ. 1889ರಲ್ಲಿ ಆಲ್ಪ್ಸ್‌ನ ಮೊಂತೆ ರೋಸಾವನ್ನು ಅದರ ಕಡಿದಾದ ಪೂರ್ವದ ಮಗ್ಗುಲಿನಿಂದ ಏರಿದವರು. ಪೋಪ್ ಆದಮೇಲೆ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಸಾರಿದರು. ಇದೇ ಮನುಷ್ಯ 1928ರಲ್ಲಿ ರೋಮಿನಲ್ಲಿ ಹುಡುಗಿಯರ ಜಿಮ್ನಾಸ್ಟಿಕ್ಸ್ ಸ್ಪರ್ಧೆ ನಡೆದಾಗ ಬಹಿರಂಗವಾಗಿ ಆಕ್ಷೇಪಿಸಿದರು. ಯುವಜನರನ್ನು ತನ್ನ ಮುಷ್ಟಿಗೆ ತೆಗೆದುಕೊಳ್ಳುತ್ತಿದ್ದ ಮುಸೊಲಿನಿಯೊಡನೆ ಸಭೆಗೆ ಆಗ ಜಟಾಪಟಿ ಇತ್ತು ನಿಜ. ಆದರೂ ಹೆಣ್ಣಿನ ದೇಹ ಮೈದಾನಕ್ಕಿಳಿದರೆ ಸಭೆಗೆ ಇರಿಸುಮುರಿಸಾಗುತ್ತಿತ್ತು ಎಂಬುದನ್ನು ಆ ನೆವದಿಂದ ಮುಚ್ಚಲಾಗದು.

ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೀಡೆಗೆ ಒಳ್ಳೆಯ ಮಾತು ಹೇಳಿತು. ಗೋಲ್‌ಕೀಪರ್ ಆಗಿ ಆಡಿ ಬೆಳೆದ, ಹಿಮಜಾರಾಟ ಪ್ರಿಯರಾದ ಪೋಪ್ ಎರಡನೇ ಜಾನ್ ಪಾಲ್ 2004ರಲ್ಲಿ ವ್ಯಾಟಿಕನ್‌ನಲ್ಲಿ ಕ್ರೀಡಾ ವಿಭಾಗವನ್ನೇ ತೆರೆದರು. ನಮ್ಮ ಯೋಗವೂ ಈ ಚರ್ಚೆಯೊಳಗೆ ಬಂದಿದೆ: 1989ರ ವ್ಯಾಟಿಕನ್ ಪತ್ರವೊಂದು ಆಸನ, ಉಸಿರಾಟಗಳ ಉಪಯೋಗವನ್ನು ಅಲ್ಲಗಳೆಯದೆ, ಅವು ಕೊಡುವ ಹಿತಾನುಭವವನ್ನೇ ದೈವಾನುಭವವೆಂದು ಭ್ರಮಿಸಬಾರದೆಂದು ಎಚ್ಚರಿಸಿತು.

ಕ್ರೀಡೆಯನ್ನೇ ಕುರಿತ ಮೊದಲ ಸಮಗ್ರ ವ್ಯಾಟಿಕನ್ ದಸ್ತಾವೇಜು ಹೊರಬಂದದ್ದು 2018ರ ಜೂನ್‌ನಲ್ಲಿ. ಡೋಪಿಂಗ್, ಭ್ರಷ್ಟಾಚಾರ, ಅಭಿಮಾನಿಗಳ ದೊಂಬಿ ಎಲ್ಲವನ್ನೂ ಅದು ಮುಟ್ಟುತ್ತದೆ. ದೇಹಕ್ಕೆ ಗಂಭೀರ ಹಾನಿ ಮಾಡಿಯೇ ತೀರುವ ಆಟಗಳಿಗೆ ನೈತಿಕ ಸಮರ್ಥನೆ ಇಲ್ಲವೆಂದೂ ಹೇಳುತ್ತದೆ. 2005ರಲ್ಲೇ ಜೆಸ್ವಿತರ 'ಚಿವಿಲ್ತಾ ಕತ್ತೋಲಿಕ' ಪತ್ರಿಕೆ ಬಾಕ್ಸಿಂಗನ್ನು ನೇರವಾಗಿ ಖಂಡಿಸಿತ್ತು. ಧರ್ಮಸಭೆಯೂ ಅಷ್ಟೇ ನೇರವಾಗಿ ಮಾತಾಡದ ಹೊರತು 2018ರ ಆ ವಾಕ್ಯಕ್ಕೆ ತೂಕ ಬರುವುದಿಲ್ಲ.