ಸಂಜೆಮಲ್ಲಿಗೆಯಲ್ಲದ ಸಂಜೆಯ ಹೂ

ನಮ್ಮ ಸಂಜೆಮಲ್ಲಿಗೆಗೆ ಫರೀದಾಬಾದಿನ ನೆರೆಹೊರೆಯವರು ಗುಲ್‌ಅಬ್ಬಾಸ್ ಎನ್ನುತ್ತಾರೆ. ಹೆಸರು ಎರಡು, ಗಿಡ ಒಂದೇ. ಇದರಿಂದ ಯಾರಿಗೂ ತೊಂದರೆಯಿಲ್ಲ. ಒಂದೇ ಹೆಸರಿನಡಿ ಎರಡು ಗಿಡಗಳು ಸೇರಿಕೊಂಡಾಗ ಮಾತ್ರ ಪೇಚು. ಈನೋಥೆರಾ ಎಂಬ ಹಳದಿ ಹೂವಿನ ಚರಿತ್ರೆ ಅಂಥದ್ದು. ಅದೂ ಸಂಜೆಯೇ ಅರಳುತ್ತದೆ, ಅದರ ಮೂಲವೂ ಅಮೆರಿಕ ಖಂಡವೇ. ಆದರೆ ಸಂಜೆಮಲ್ಲಿಗೆ ಕಾಗದದ ಹೂವಿನ ಬಳಗದ್ದು. ಈನೋಥೆರಾ ನಮ್ಮ ಗದ್ದೆಯಂಚಿನ ಲುಡ್ವಿಜಿಯಾ ಕಳೆಯ ಬಂಧು. ನಾಲ್ಕು ಎಸಳು, ಎಂಟು ಕೇಸರ, ಶಿಲುಬೆಯಂತೆ ನಾಲ್ಕಾಗಿ ಸೀಳಿದ ಶಲಾಕಾಗ್ರ: ಇಷ್ಟು ಕಂಡರೆ ಅದನ್ನು ಗುರುತಿಸಬಹುದು.

ಆದರೆ ಯಾವ ಈನೋಥೆರಾ? ತೊಡಕು ಇರುವುದು ಅಲ್ಲಿಯೇ. 1886ರಲ್ಲಿ ಹಾಲೆಂಡಿನ ಹಿಲ್ವರ್ಸಮ್ ಬಳಿ, ಪಾಳುಬಿದ್ದ ಆಲೂಗಡ್ಡೆ ಹೊಲದ ಮರಳುನೆಲದಲ್ಲಿ ಹ್ಯೂಗೊ ಡಿ ವ್ರೀಸ್ ಈ ಗಿಡಗಳ ದಟ್ಟಣೆಯನ್ನು ಕಂಡರು. ಹಿಂಡಿನೊಳಗೆ ಒಂದೆರಡು ಬಗೆಗಳು ಬೇರೆಯೇ ಆಗಿದ್ದವು: ಒಂದರ ಶಲಾಕೆ ಗಿಡ್ಡ, ಇನ್ನೊಂದರ ಎಲೆ ನುಣುಪು. ಬೀಜಗಳನ್ನು ಆಮ್‌ಸ್ಟರ್‌ಡಾಮಿಗೆ ಒಯ್ದು ಹಲವು ತಲೆಮಾರು ಬೆಳೆಸಿದರು. ಸುಮಾರು 50,000 ಗಿಡಗಳಲ್ಲಿ 800ಕ್ಕೂ ಹೆಚ್ಚು ಹೊಸ ರೂಪ ತಾಳಿದವು. ಹೊಸ ಪ್ರಭೇದಗಳು ಒಮ್ಮೆಗೇ ಹುಟ್ಟುತ್ತವೆ ಎಂಬ ಉತ್ಪರಿವರ್ತನಾ ಸಿದ್ಧಾಂತ 1901ರಿಂದ 1903ರ ನಡುವೆ ಎರಡು ಸಂಪುಟಗಳಾಗಿ ಹೊರಬಂದಿತು.

ಡಿ ವ್ರೀಸ್ ಆ ಗಿಡವನ್ನು ಲಾಮಾರ್ಕಿಯಾನಾ ಎಂದು ಗುರುತಿಸಿದ್ದರು. ಲಾಮಾರ್ಕರ ಗಿಡಕ್ಕೆ 1828ರಲ್ಲಿ ಸೆರೆಂಜ್ ಕೊಟ್ಟಿದ್ದ ಹೆಸರದು. 1912ರಲ್ಲಿ ಅಮೆರಿಕದ ಬ್ರಾಡ್ಲಿ ಡೇವಿಸ್ ತಕರಾರು ತೆಗೆದರು: ಪ್ಯಾರಿಸ್ಸಿನಲ್ಲಿದ್ದ ಲಾಮಾರ್ಕರ ಒಣ ಮಾದರಿ ಬೇರೆಯೇ ಪ್ರಭೇದದ್ದಲ್ಲವೇ? ಡಿ ವ್ರೀಸ್ 1914ರಲ್ಲಿ ಉತ್ತರಿಸಿದರು, ಹೆಸರು ಮಾತ್ರ ಉಳಿಯಲಿಲ್ಲ. ಇಂದು ಆ ಗಿಡ ಗ್ಲಾಜಿಯೋವಿಯಾನಾ. ಬ್ರೆಜಿಲ್ಲಿನ ಮಾದರಿಗೆ 1875ರಲ್ಲೇ ಇಟ್ಟಿದ್ದ ಹೆಸರು. ಅಗಲವಾದ ಎಸಳು, ಕೆಂಪು ಛಾಯೆಯ ಪುಷ್ಪಪತ್ರ, ಕೇಸರಗಳನ್ನು ಮೀರಿ ನಿಂತ ಶಲಾಕೆ ಅದರ ಗುರುತು. ಸಾಮಾನ್ಯ ಬಿಯೆನ್ನಿಸ್‌ನಲ್ಲಿ ಹೂ ಕಿರಿದು, ಶಲಾಕೆ ಕೇಸರಗಳ ನಡುವೆಯೇ ಉಳಿಯುತ್ತದೆ.

ಇದನ್ನು ಬರಿಯ ಹೆಸರಿನ ಜಗಳವೆಂದು ನಾವು ತಳ್ಳಿಹಾಕಲಾರೆವು. ಕಾಡಿನ ಶುದ್ಧ ಪ್ರಭೇದವೆಂದುಕೊಂಡದ್ದು ಬೆರಕೆಯ ಸಂತತಿಯಾಗಿತ್ತು. ಅದರ 14 ವರ್ಣತಂತುಗಳಲ್ಲಿ 12 ಉಂಗುರದಂತೆ ಕೊಂಡಿಯಾಗುತ್ತವೆಂದು ಮುಂದೆ ತಿಳಿಯಿತು. ಡಿ ವ್ರೀಸ್ ಕಂಡ ಜಿಗಿತಗಳಲ್ಲಿ ಹೆಚ್ಚಿನವು ಆ ವಿಚಿತ್ರ ರಚನೆಯ ಫಲ. ಅವರ ‘ಗಿಗಾಸ್’ ದೈತ್ಯನಲ್ಲಿ ವರ್ಣತಂತುಗಳು 28ಕ್ಕೆ ಇಮ್ಮಡಿಯಾಗಿದ್ದವು, ಅಷ್ಟೆ.

1900ರಲ್ಲಿ ಡಿ ವ್ರೀಸರಂತೆಯೇ ಮೆಂಡೆಲನ ನಿಯಮಗಳನ್ನು ಮರಳಿ ಕಂಡ ಕಾರ್ಲ್ ಕೊರೆನ್ಸ್, 1909ರಲ್ಲಿ ಆ ನಿಯಮಗಳಿಗೆ ಒಗ್ಗದ ಗಿಡವೊಂದನ್ನು ತೋರಿಸಿದರು. ಅದರ ಎಲೆಯ ಬಿಳಿ-ಹಸಿರು ಬಣ್ಣ ತಾಯಿಯ ಕಡೆಯಿಂದಷ್ಟೇ ಬರುತ್ತಿತ್ತು. ಆ ಗಿಡ, ಈ ಊರಿನ ಅಂಗಳಗಳ ಗುಲ್‌ಅಬ್ಬಾಸ್, ನಮ್ಮ ಸಂಜೆಮಲ್ಲಿಗೆ.