ಖಾನಾಪುರದ ಮಳೆ ಮತ್ತು ಮೋಟಾರಿನ ತುಕ್ಕು

ಬೆಳಗಾವಿ ಜಿಲ್ಲೆಯ ನಕ್ಷೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಓದುತ್ತ ಹೋದರೆ ಮಳೆಯ ಲೆಕ್ಕ ಏರುತ್ತ ಹೋಗುತ್ತದೆ. ಸವದತ್ತಿ, ಗೋಕಾಕದ ಕಡೆ ಬಯಲುಸೀಮೆಯ ಬಡ ಮಳೆ. ಬೆಳಗಾವಿ ನಗರಕ್ಕೆ ಬಂದರೆ ವರ್ಷಕ್ಕೆ ಸುಮಾರು 1,300 ಮಿಲಿಮೀಟರು. ಖಾನಾಪುರ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಘಟ್ಟದಂಚಿಗೆ ಹೋದರೆ ಬೆಳಗಾವಿಯ ಮಳೆಯ ಎರಡು ಪಟ್ಟಿಗೂ ಮಿಕ್ಕಿ ಸುರಿಯುತ್ತದೆ. ಈ ಮಳೆಯಿಂದ ಗದ್ದೆಗೆ ಭತ್ತ, ನದಿಗೆ ನೀರು, ಕಾಡಿಗೆ ಹಸಿರು. ಆದರೆ ಇದೇ ಮಳೆಯಲ್ಲಿ ದಿನವೂ ಓಡಾಡುವ ಕಾರು, ಜೀಪು, ಟೆಂಪೊಗಳಿಗೆ ಸಿಗುವ ಪಾಲು ಬೇರೆ. ಅದಕ್ಕೆ ನಾವು ತುಕ್ಕು ಎನ್ನುತ್ತೇವೆ, ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಜಂಗು ಎನ್ನುತ್ತಾರೆ, ಮರಾಠಿಯವರು ಗಂಜ ಎನ್ನುತ್ತಾರೆ. ಹೆಸರು ಯಾವುದಾದರೂ ಅದು ತಿನ್ನುವುದು ಒಂದೇ ವಸ್ತುವನ್ನು.

ತುಕ್ಕು ಒಂದು ರೋಗವೆಂದೇ ನಾವು ಭಾವಿಸಿದ್ದೇವೆ. ರಸಾಯನಶಾಸ್ತ್ರದ ಪ್ರಕಾರ ಮಾತು ತಿರುವುಮುರುವು. ಕಬ್ಬಿಣದ ಸಹಜ ಸ್ಥಿತಿಯೇ ತುಕ್ಕು. ಹೊಳೆಯುವ ಉಕ್ಕು ಮನುಷ್ಯ ಬಲವಂತದಿಂದ ತಂದ ಸ್ಥಿತಿ. ನೆಲದಲ್ಲಿ ಕಬ್ಬಿಣ ಸಿಗುವುದು ಹೆಚ್ಚಾಗಿ ಆಮ್ಲಜನಕದೊಡನೆ ಕೂಡಿದ ಅದಿರಿನ ರೂಪದಲ್ಲಿ. ಕುಲುಮೆಯಲ್ಲಿ ಇದ್ದಿಲಿನ ಬೆಂಕಿ ಹಾಕಿ ಆ ಆಮ್ಲಜನಕವನ್ನು ಕಿತ್ತರೆ ಲೋಹ ಉಳಿಯುತ್ತದೆ. ನೀರು ಮತ್ತು ಗಾಳಿ ಸಿಕ್ಕೊಡನೆ ಅದು ತನ್ನ ಹಳೆಯ ರೂಪಕ್ಕೆ ಮರಳಲು ಹೊರಡುತ್ತದೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಖಾನಾಪುರದ ನೆಲವನ್ನೇ ನೋಡಬಹುದು. ಘಟ್ಟದ ಸೆರಗಿನ ಕೆಂಪು ಜಂಬಿಟ್ಟಿಗೆ ಮಣ್ಣು ಹುಟ್ಟಿದ್ದು ಹೀಗೆಯೇ. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಕರಗುವ ವಸ್ತುಗಳನ್ನೆಲ್ಲ ತೊಳೆದು ಒಯ್ದಿತು. ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಹಿಂದೆ ಉಳಿದವು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಖಾನಾಪುರದ ಹೆಂಚು, ಮಡಕೆಗಳ ಕೆಂಪಿಗೂ ಕಾರಣ ಈ ಕಬ್ಬಿಣದ ಆಕ್ಸೈಡೇ. ಮನೆಯ ಮಾಡಿನ ಮೇಲೆ ಹೆಂಚಾಗಿ ನೂರು ವರ್ಷ ಬಾಳುವ ವಸ್ತುವೇ ಅಂಗಳದಲ್ಲಿ ನಿಂತ ಕಾರಿನ ಮೇಲೆ ಕಂಡಾಗ ನಮಗೆ ಎದೆ ಧಸಕ್ಕೆನ್ನುತ್ತದೆ.

ಒಂದು ಹನಿಯ ಪಾಠ

ಕಬ್ಬಿಣ ತುಕ್ಕಾಗುವ ಬಗೆಯನ್ನು ಸರಳವಾಗಿ ತೋರಿಸಿಕೊಟ್ಟವರಲ್ಲಿ ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಪ್ರಮುಖರು. 1920ರ ದಶಕದಲ್ಲಿ ಅವರು ಉಜ್ಜಿ ಹೊಳಪಿಸಿದ ಉಕ್ಕಿನ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಇಟ್ಟು ಗಮನಿಸಿದರು. ಹನಿಯ ಅಂಚಿಗೆ ಗಾಳಿ ಧಾರಾಳವಾಗಿ ಸಿಗುತ್ತದೆ, ನಡುವೆ ಕಡಿಮೆ. ಲೋಹ ಕರಗಿದ್ದು ಗಾಳಿ ಸಿಕ್ಕ ಅಂಚಿನಲ್ಲಲ್ಲ, ಸಿಗದ ನಡುವಿನಲ್ಲಿ. ಹನಿಯೇ ಒಂದು ಪುಟ್ಟ ಬ್ಯಾಟರಿಯಾಗಿತ್ತು. ಅಂಚು ಮತ್ತು ನಡುವಿನ ನಡುವೆ ವಿದ್ಯುತ್ತು ಹರಿಯುತ್ತಿತ್ತು, ನೀರಿನಲ್ಲಿದ್ದ ಉಪ್ಪು ಆ ಹರಿವನ್ನು ಸುಲಭಗೊಳಿಸುತ್ತಿತ್ತು.

ಕಾರಿನ ತುಕ್ಕಿನ ಒಗಟು ಈ ಒಂದು ಹನಿಯಲ್ಲಿ ಬಿಡಿಸುತ್ತದೆ. ಮಳೆಗೆ ನೇರವಾಗಿ ಮೈಯೊಡ್ಡಿದ ಛಾವಣಿ ಗಟ್ಟಿಯಾಗಿರುತ್ತದೆ. ಮಳೆ ಕಾಣದ ಬಾಗಿಲ ತಳ, ಚಕ್ರದ ಮೇಲಿನ ಕಮಾನಿನ ಒಳಮಡಿಕೆ, ಕಾರ್ಪೆಟ್ಟಿನ ಕೆಳಗಿನ ನೆಲ ಮಾತ್ರ ತೂತು ಬೀಳುತ್ತವೆ. ಛಾವಣಿ ಬೇಗ ಒಣಗುತ್ತದೆ. ಮಡಿಕೆಯಲ್ಲಿ ಸಿಕ್ಕ ಕೆಸರು ಹಸಿ ಪಟ್ಟಿಯಂತೆ ಅಂಟಿ ವಾರಗಟ್ಟಲೆ ತೇವ ಹಿಡಿದಿಡುತ್ತದೆ, ಗಾಳಿಯನ್ನೂ ತಡೆಯುತ್ತದೆ. ಇವಾನ್ಸ್ ಅವರ ಹನಿಯ ನಡುವಣ ಭಾಗ ಇದೇ. ಇಂಗ್ಲೆಂಡಿನ ಡಬ್ಲ್ಯು. ಎಚ್. ಜೆ. ವರ್ನನ್ ಅದೇ ಕಾಲದಲ್ಲಿ ಮತ್ತೊಂದು ಸಂಗತಿ ತೋರಿಸಿದರು. ಗಾಳಿಯ ತೇವಾಂಶ ಒಂದು ಮಟ್ಟ ದಾಟಿದೊಡನೆ ತುಕ್ಕಿನ ವೇಗ ಏಕಾಏಕಿ ಏರುತ್ತದೆ; ಸಾಮಾನ್ಯವಾಗಿ ಆ ಮಟ್ಟ ಶೇಕಡಾ 60ರಿಂದ 70. ಆಷಾಢ, ಶ್ರಾವಣಗಳಲ್ಲಿ ಖಾನಾಪುರದ ಗಾಳಿ ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಅಂದರೆ ಅಲ್ಲಿ ಮಳೆ ನಿಂತ ಹೊತ್ತಿನಲ್ಲೂ ತುಕ್ಕಿಗೆ ಬಿಡುವಿಲ್ಲ.

ಬೆಳಗಾವಿಯ ವಾಹನಗಳಿಗೆ ಇನ್ನೊಂದು ಅಪಾಯವಿದೆ. ನಗರ ಸಮುದ್ರದಿಂದ ದೂರವಿದ್ದರೂ ಚೋರ್ಲಾ ಘಾಟಿನ ದಾರಿಯಿಂದಲೋ ಅನಮೋಡದ ದಾರಿಯಿಂದಲೋ ಗೋವೆ ಕೆಲವೇ ಗಂಟೆಗಳ ಪ್ರಯಾಣ. ಕಡಲ ದಂಡೆಯ ಉಪ್ಪು ಮರಳು ಕಾರಿನ ಹೊಟ್ಟೆಗೆ ಅಂಟಿ ಘಟ್ಟ ಹತ್ತಿ ಬರುತ್ತದೆ. ಉಪ್ಪು ಗಾಳಿಯ ತೇವವನ್ನು ತಾನೇ ಹೀರಿಕೊಳ್ಳುವ ವಸ್ತು. ಮೇಲ್ಮೈ ತೊಳೆದು ಕೆಳಗನ್ನು ಬಿಟ್ಟರೆ ಅದು ಅಲ್ಲೇ ಕುಳಿತು ಕೆಲಸ ಮಾಡುತ್ತಿರುತ್ತದೆ.

ಕೀಲೆಣ್ಣೆಯಿಂದ ಬಣ್ಣದ ತೊಟ್ಟಿಯವರೆಗೆ

ಮೋಟಾರು ಬರುವ ಮುನ್ನವೂ ಈ ಸೀಮೆಯಲ್ಲಿ ಕಬ್ಬಿಣವಿತ್ತು, ಮಳೆಯೂ ಇತ್ತು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ, ಕುಡಗೋಲು ಕೊಡಲಿಗಳಿಗೆ ಎಣ್ಣೆಯ ಸವರು, ಒಲೆಯ ಹೊಗೆ ತಾಗುವ ಬೆಚ್ಚನೆಯ ಜಾಗದಲ್ಲಿ ಸಾಮಾನು ಇಡುವ ರೂಢಿ, ಇವೆಲ್ಲ ತುಕ್ಕಿನ ವಿರುದ್ಧ ರೈತರು ಕಂಡುಕೊಂಡ ಉಪಾಯಗಳು. ಇದರ ತಿರುಳು ಎರಡೇ: ಒಣಗಿಸು, ನೀರು ತಾಗದಂತೆ ಮುಚ್ಚು. ಕಾವಲು ಬಳಸುವವನ ಕೈಯಲ್ಲೇ ಇತ್ತು.

ಲೋಹಕ್ಕೆ ಲೋಹವನ್ನೇ ಕಾವಲಿಡುವ ಉಪಾಯವೂ ನಮಗೆ ಹೊಸದಲ್ಲ. ತಾಮ್ರ, ಹಿತ್ತಾಳೆ ಪಾತ್ರೆಗೆ ತವರದ ಕಲಾಯಿ ಹಾಕಿಸುವುದನ್ನು ಹಿಂದಿನ ಪೀಳಿಗೆಯ ಪ್ರತಿ ಮನೆಯೂ ಕಂಡಿತ್ತು. ಆದರೆ ಕಬ್ಬಿಣಕ್ಕೆ ತವರ ಬರೀ ಹೊದಿಕೆ. ಒಂದು ಕಡೆ ಗೀರು ಬಿದ್ದರೆ ಆ ಜಾಗದ ಕಬ್ಬಿಣ ಮೊದಲಿಗಿಂತ ಬೇಗ ತಿನ್ನಲ್ಪಡುತ್ತದೆ. ಸತು ಹಾಗಲ್ಲ. ಗೀರು ಬಿದ್ದರೂ ತಾನು ಮೊದಲು ಕರಗಿ ಪಕ್ಕದ ಕಬ್ಬಿಣವನ್ನು ಉಳಿಸುತ್ತದೆ. ಈ ‘ಬಲಿ’ ತತ್ವವನ್ನು 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ತೋರಿಸಿದ. ಹಡಗಿನ ತಳದ ತಾಮ್ರದ ತಗಡಿಗೆ ಸತು, ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರ ಸವೆಯಲಿಲ್ಲ. ಆದರೆ ತಾಮ್ರ ಕರಗದಿದ್ದುದರಿಂದ ಅದರ ವಿಷವಿಲ್ಲದೆ ಕಡಲ ಜೀವಿಗಳು ಹಡಗಿಗೆ ಅಂಟಿಕೊಂಡು ಯೋಜನೆ ಕೈಬಿಡಬೇಕಾಯಿತು! 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮೂರುಗಳ ಪತ್ರಾಸಿನ ಮನೆಗಳ ಮೇಲಿರುವ ತಗಡು ಈ ವಿಧಾನದ ಕೂಸು.

ಮೋಟಾರಿಗೆ ಈ ವಿದ್ಯೆ ಬಂದದ್ದು ತಡವಾಗಿ. ಮೊದಲ ಕಾರುಗಳ ಮೈಗೆ ಮರದ ಚೌಕಟ್ಟಿತ್ತು. ಅಮೆರಿಕದ ಎಡ್ವರ್ಡ್ ಬಡ್ ರೂಢಿಗೆ ತಂದ ಪೂರ್ಣ ಉಕ್ಕಿನ ಮೈ 1914ರಲ್ಲಿ ಡಾಜ್ ಕಾರಿನೊಂದಿಗೆ ಬೀದಿಗಿಳಿಯಿತು. ಮುಂದೆ ಪ್ರತ್ಯೇಕ ಚಾಸಿಯೂ ಹೋಗಿ ತೆಳು ತಗಡಿನ ಪೆಟ್ಟಿಗೆಯೇ ಕಾರಿನ ಬೆನ್ನೆಲುಬಾಯಿತು. ಇಲ್ಲಿಂದ ತುಕ್ಕು ಬರೀ ಅಂದಚೆಂದದ ಮಾತಾಗಿ ಉಳಿಯಲಿಲ್ಲ. ಬೆಳಗಾವಿಯ ಉದ್ಯಮಬಾಗ, ಮಚ್ಚೆಯ ಫೌಂಡ್ರಿಗಳಲ್ಲಿ ಎರಕವಾಗುವ ದಪ್ಪ ಬಿಡಿಭಾಗದ ಮೇಲೆ ಕೂದಲೆಳೆಯಷ್ಟು ತುಕ್ಕು ಹಿಡಿದರೆ ಬಾಧೆಯಿಲ್ಲ. ಕಾರಿನ ತಗಡಿನ ದಪ್ಪವೋ ಸುಮಾರು ಒಂದು ಮಿಲಿಮೀಟರಿಗಿಂತ ಕಡಿಮೆ. ಬ್ರಿಟನ್ನಿನಲ್ಲಿ ಲ್ಯಾನ್ಸಿಯಾ ಬೀಟಾ ಕಾರುಗಳ ಎಂಜಿನ್ ಹೊರುವ ಚೌಕಟ್ಟು ಕೂಡುವ ಜಾಗವೇ ತುಕ್ಕು ತಿಂದು, 1980ರಲ್ಲಿ ಕಂಪನಿ ತಾನೇ ಮಾರಿದ ಕಾರುಗಳನ್ನು ಮರಳಿ ಕೊಳ್ಳಬೇಕಾದ ಪ್ರಸಂಗ ಬಂತು.

ಪರಿಹಾರಗಳೂ ಹಂತಹಂತವಾಗಿ ಬಂದವು. 1906ರಲ್ಲಿ ಬರ್ಮಿಂಗ್‌ಹ್ಯಾಮಿನ ಟಿ. ಡಬ್ಲ್ಯು. ಕಾಸ್ಲೆಟ್ ಉಕ್ಕನ್ನು ಬಿಸಿ ಫಾಸ್ಫಾರಿಕ್ ಆಮ್ಲದಲ್ಲಿ ಅದ್ದಿ ಫಾಸ್ಫೇಟಿನ ಪದರ ಕಟ್ಟುವುದನ್ನು ಕಂಡುಕೊಂಡಿದ್ದ; ಅದರ ಮೇಲೆ ಬಣ್ಣ ಬಿಗಿಯಾಗಿ ಹಿಡಿಯುತ್ತದೆ. 1960ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿ ಇಡೀ ಕಾರಿನ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತು ಹರಿಸಿ, ಕುಂಚ ತಲುಪದ ಟೊಳ್ಳುಗಳಿಗೂ ಬಣ್ಣ ಕೂರಿಸುವ ವಿಧಾನ ತಂದಿತು. 1970ರ ದಶಕದಲ್ಲಿ ವಿದ್ಯುತ್ತಿನ ದಿಕ್ಕು ಬದಲಿಸಿ ಅದನ್ನು ಇನ್ನೂ ಬಲಪಡಿಸಲಾಯಿತು. ಇಂದು ನಮ್ಮ ದೇಶದ ಕಾರು ಕಾರ್ಖಾನೆಗಳಲ್ಲೂ ಈ ಅದ್ದುವಿಕೆ ಸಾಮಾನ್ಯ; ಹಲವು ಕಾರುಗಳ ತಗಡಿಗೆ ಸತುವಿನ ಲೇಪವೂ ಇರುತ್ತದೆ. ಹೀಗೆ ಒಂದು ಕಾಲದಲ್ಲಿ ರೈತನ ಕೈಯಲ್ಲಿದ್ದ ಕಾವಲು ಕಾರ್ಖಾನೆಯ ತೊಟ್ಟಿಗೆ ಹೋಯಿತು.

ನಮ್ಮಲ್ಲಿ ಆ ನಡುವಣ ಕಾಲ ಬಹಳ ಉದ್ದವಾಗಿತ್ತು. 1950ರ ದಶಕದ ಕೊನೆಯಿಂದ ಅಂಬಾಸಿಡರ್, ನಂತರ ಪದ್ಮಿನಿಯೆಂದು ಹೆಸರಾದ ಫಿಯೆಟ್, ಇವೆರಡೇ ಬಹುತೇಕರ ಪಾಲಿಗೆ ಕಾರು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಆ ದಿನಗಳಲ್ಲಿ ತುಕ್ಕು ಹಿಡಿಯಿತೆಂದು ಕಾರು ಬದಲಿಸುವ ಮಾತೇ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೂ ಇದೇ ಸ್ಥಿತಿ. ಕೊಳೆತ ತಗಡನ್ನು ಕತ್ತರಿಸಿ, ಹೊಸ ತಗಡನ್ನು ಬಡಿದು ಅದೇ ಬಾಗು ತಂದು ಬೆಸೆಯುವ ಟಿಂಕರಿಂಗ್ ಕಸುಬು ಊರೂರಿನಲ್ಲಿ ಬೆಳೆದದ್ದು ಈ ಅಗತ್ಯದಿಂದ.

ಕೆಲವು ಕಬ್ಬಿಣ ಏಕೆ ಉಳಿಯಿತು?

ದೆಹಲಿಯ ಕಬ್ಬಿಣದ ಕಂಬ ಸುಮಾರು 1,600 ವರ್ಷ ನಿಂತಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಕಾನಪುರ ಐಐಟಿಯ ಆರ್. ಬಾಲಸುಬ್ರಮಣಿಯಂ ಅವರ ಅಧ್ಯಯನದಂತೆ ಅದರಲ್ಲಿನ ಹೆಚ್ಚಿನ ರಂಜಕ ಮೇಲ್ಮೈಯಲ್ಲಿ ಫಾಸ್ಫೇಟಿನ ರಕ್ಷಣಾ ಪದರ ಕಟ್ಟಿದೆ. ಕಾಸ್ಲೆಟ್ ಆಮ್ಲದಿಂದ ಮಾಡಿದ್ದಕ್ಕೆ ಇದು ದೂರದ ಬಂಧು. ದೆಹಲಿಯ ಒಣ ಹವೆಯೂ ಅದಕ್ಕೆ ನೆರವಾಗಿದೆ. ಒಣ ಹವೆಯ ನೆರವೇ ಇಲ್ಲದ ಇನ್ನೊಂದು ಕಂಬ ನಮ್ಮ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಯಲ್ಲಿದೆ. ಖಾನಾಪುರದಂತೆಯೇ ಪಶ್ಚಿಮ ಘಟ್ಟದ ಮಳೆ ಸುರಿಯುವ ಆ ಬೆಟ್ಟದಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಬಳಿ ನಿಂತಿರುವ ಈ ಕಬ್ಬಿಣದ ಕಂಬ ಲೋಹವಿಜ್ಞಾನಿಗಳ ಗಮನ ಸೆಳೆದಿದೆ. ಎರಡೂ ಕಂಬಗಳು ದಪ್ಪ, ಬಯಲಿನಲ್ಲಿ ನಿಂತಿವೆ, ನೀರು ಕುಳಿತುಕೊಳ್ಳುವ ಮಡಿಕೆಗಳು ಅವುಗಳ ಮೈಯಲ್ಲಿ ಕಡಿಮೆ. ಬಿದ್ದ ಮಳೆ ಜಾರಿಹೋಗುತ್ತದೆ, ಗಾಳಿ ಒಣಗಿಸುತ್ತದೆ. ಮಡಿಕೆ, ಟೊಳ್ಳುಗಳಿಂದಲೇ ಆದ ಕಾರಿಗೆ ಆ ಭಾಗ್ಯವಿಲ್ಲ. ಆ ಕೊರತೆಯನ್ನು ತುಂಬಬೇಕಾದವನು ಮಾಲೀಕ.

ಹಾಗಾದರೆ ಮಾಡಬೇಕಾದದ್ದೇನು? ಬಾಗಿಲುಗಳ ತಳದಲ್ಲಿ ನೀರು ಇಳಿಯಲೆಂದೇ ಸಣ್ಣ ತೂತುಗಳಿರುತ್ತವೆ. ಎಲೆ, ಕೆಸರು ಕಟ್ಟಿ ಅವು ಮುಚ್ಚಿದರೆ ಬಾಗಿಲು ನೀರಿನ ಪೆಟ್ಟಿಗೆಯಾಗುತ್ತದೆ. ಒಂದು ಕಡ್ಡಿಯಿಂದ ಅವನ್ನು ಬಿಡಿಸಿದರೆ ಸಾಕು. ಚಕ್ರದ ಕಮಾನು, ಕಾರಿನ ಹೊಟ್ಟೆಗಳನ್ನು ಸಿಹಿನೀರಿನಿಂದ ತೊಳೆಯಬೇಕು. ಗೋವೆಯಿಂದ ಬಂದ ಮೇಲಂತೂ ತಪ್ಪದೆ. ಕಾರ್ಪೆಟ್ಟು ನೆನೆದಿದ್ದರೆ ಎತ್ತಿ ಒಣಗಿಸಬೇಕು. ಒದ್ದೆ ಕಾರಿಗೆ ಪ್ಲಾಸ್ಟಿಕ್ ತಾಡಪತ್ರಿ ಬಿಗಿದು ಕಟ್ಟುವುದು ಆರೈಕೆಯಂತೆ ಕಂಡರೂ ಆವಿಯನ್ನು ಒಳಗೇ ಹಿಡಿದು ಕೇಡು ಮಾಡುತ್ತದೆ. ಗಾಳಿಯಾಡದ ಶೆಡ್ಡಿಗಿಂತ ಗಾಳಿಯಾಡುವ ಮಾಡು ಮೇಲು.

ತುಕ್ಕು ಕಾಣಿಸಿಕೊಂಡಿದ್ದರೆ ಅದರ ಮೇಲೆ ಬಣ್ಣ ಬಳಿಯುವುದು ಗಾಯದ ಮೇಲೆ ಪೌಡರು ಹಚ್ಚಿದಂತೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಬಣ್ಣ ಗುಳ್ಳೆಯೇಳುವುದು ಆದ್ದರಿಂದಲೇ. ಕಣ್ಣಿಗೆ ಬಿದ್ದ ಗುಳ್ಳೆ ಕಾಳಿನಷ್ಟಿದ್ದರೆ ಒಳಗಿನ ಹುಣ್ಣು ರೂಪಾಯಿಯಷ್ಟಿರಬಹುದು. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು, ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕ ಹಚ್ಚಿ, ತಯಾರಕರು ಹೇಳಿದಂತೆ ತೊಳೆದು ಒಣಗಿಸಿ, ತಡಮಾಡದೆ ಪ್ರೈಮರು ಕೊಡಬೇಕು. ಬರಿಯ ಲೋಹವನ್ನು ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ಹೊಸ ತುಕ್ಕು ಹುಟ್ಟುತ್ತದೆ. ಗ್ಯಾರೇಜಿನ ಹಳೆಯ ಪರಿಚಿತ ‘ರೆಡ್ ಆಕ್ಸೈಡ್’ ಪ್ರೈಮರಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ ಎಂಬುದು ಸ್ವಾರಸ್ಯ. ಮತ್ತೆ ಬದಲಾಗಲು ಏನೂ ಉಳಿಯದ ಆ ಪುಡಿ ಬಣ್ಣದಲ್ಲಿ ತೆಪ್ಪಗೆ ಕೂರುತ್ತದೆ. ತೂತು ಬಿದ್ದ ತಗಡನ್ನು ಪುಟ್ಟಿಯಿಂದ ಮುಚ್ಚುವುದು ಮಾತ್ರ ಸಲ್ಲದು. ಪುಟ್ಟಿ ತೇವ ಹೀರುತ್ತದೆ. ಕೊಳೆತಷ್ಟನ್ನೂ ಕತ್ತರಿಸಿ, ಹೊಸ ತಗಡು ಬೆಸೆದು, ಒಳಮೈಗೂ ಬಣ್ಣ ಅಥವಾ ಮೇಣದ ಲೇಪ ಕೊಡಬೇಕು. ತಳಕ್ಕೆ ಬಳಿಯುವ ಕಪ್ಪು ಲೇಪವೂ ಅಷ್ಟೇ: ಸ್ವಚ್ಛ ಲೋಹದ ಮೇಲೆ ಅದು ಕವಚ, ತುಕ್ಕಿನ ಮೇಲೆ ಅದು ಮುಸುಕು.

ಈ ಮುಸುಕಿನ ಮಾತು ಹಳೆಯ ವಾಹನ ಕೊಳ್ಳುವವರಿಗೆ ಮುಖ್ಯ. ಕೂಡಿಟ್ಟ ಹಣದಲ್ಲಿ ಒಂದು ಹಳೆಯ ವ್ಯಾನು ಕೊಂಡು ಬಾಡಿಗೆ ಓಡಿಸಿ ಬದುಕುವ ಕುಟುಂಬಗಳು ಎಷ್ಟೋ ಇವೆ. ಹೊಸ ಬಣ್ಣದ ಹೊಳಪಿಗೆ ಮರುಳಾಗದೆ ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಒಯ್ಯುವುದು ಒಳಿತು. ಉಕ್ಕಿನ ತಗಡಿಗೆ ಅದು ಅಂಟುತ್ತದೆ; ದಪ್ಪ ಪುಟ್ಟಿ ತುಂಬಿದಲ್ಲಿ ಜಾರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತೊಲೆ, ಸ್ಪ್ರಿಂಗು ಮತ್ತು ಸೀಟಿನ ಪಟ್ಟಿ ಕೂಡುವ ಜಾಗಗಳನ್ನು ನಂಬಿಕೆಯ ಮೆಕ್ಯಾನಿಕ್ಕಿನಿಂದ ಕೆಳಗೆ ಹೊಕ್ಕು ನೋಡಿಸಬೇಕು. ಅಪಘಾತದ ಪೆಟ್ಟನ್ನು ಪ್ರಯಾಣಿಕರ ಬದಲಿಗೆ ತಾಳಬೇಕಾದ ಭಾಗಗಳು ಇವು. ಇಲ್ಲಿ ಕಬ್ಬಿಣದ ಬದಲು ಬಣ್ಣ ಬಳಿದ ಪುಟ್ಟಿಯಿದ್ದರೆ ಹೋಗುವುದು ಹಣವಷ್ಟೇ ಅಲ್ಲ.

ಕಾರ್ಖಾನೆಯ ತೊಟ್ಟಿ ಎಷ್ಟೇ ಆಳವಿದ್ದರೂ ಅದು ಕೊಡುವುದು ಕಾಲಾವಕಾಶವನ್ನು, ಅಮರತ್ವವನ್ನಲ್ಲ. ಉಳಿದ ಕೆಲಸಕ್ಕೆ ನಮ್ಮ ಪಂಚಾಂಗವೇ ಎರಡು ದಿನ ಗೊತ್ತು ಮಾಡಿದಂತಿದೆ. ರೋಹಿಣಿ ಮುಗಿದು ಮೃಗಶಿರಾ ಕೂಡುವ ಮುನ್ನ ಒಮ್ಮೆ ತಳ ತಪಾಸಣೆ, ಗೀರುಗಳಿಗೆ ಬಣ್ಣ. ಮಳೆ ಹಿಂದೆ ಸರಿದು ಮಹಾನವಮಿ ಬಂದಾಗ ಇನ್ನೊಮ್ಮೆ. ಆಯುಧ ಪೂಜೆಯ ದಿನ ವಾಹನ ತೊಳೆದು ಹೂಮಾಲೆ ಹಾಕುವುದು ಹೇಗೂ ಇದೆ. ಅಂದು ಒಂದು ಬಕೆಟ್ ನೀರು ಕಾರಿನ ಹೊಟ್ಟೆಗೂ ಸಿಗಲಿ.